ಒಂದೇ ಸಾಲಿನ ಮತಪತ್ರ

1977ರ ಮಾರ್ಚಿನಲ್ಲಿ ಬಿಹಾರದ ಮುಜಫ್ಫರಪುರದ ಮತದಾರರ ಕೈಗೆ ಬಂದ ಬ್ಯಾಲೆಟ್ ಪೇಪರಿನಲ್ಲಿ ಮಂಗಳೂರಿನವರೊಬ್ಬರ ಹೆಸರಿತ್ತು. ಪಕ್ಕದಲ್ಲಿ ಚಕ್ರದೊಳಗೆ ನೇಗಿಲು ಹೊತ್ತ ರೈತನ ಚಿತ್ರ. ಹೆಸರಿನ ಮನುಷ್ಯ ಮಾತ್ರ ಕ್ಷೇತ್ರದಲ್ಲಿರಲಿಲ್ಲ. ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಜಾರ್ಜ್ ಫರ್ನಾಂಡಿಸ್ ದಿಲ್ಲಿಯ ತಿಹಾರ್ ಜೈಲಿನಲ್ಲಿದ್ದರು. ಅವರ ಬದಲು ಊರೂರು ತಿರುಗಿದ್ದು, ಕೋಳ ತೊಡಿಸಿದ ಕೈಯನ್ನು ಮೇಲೆತ್ತಿ ನಿಂತ ಅವರ ಫೋಟೊ. ಎಣಿಕೆ ಮುಗಿದಾಗ ಗೆಲುವಿನ ಅಂತರ ಮೂರು ಲಕ್ಷ ದಾಟಿತ್ತು. ಕೆಲವೇ ದಿನಗಳಲ್ಲಿ ಆ ಕೈದಿ ಕೇಂದ್ರ ಮಂತ್ರಿ.

ಈ ಕತೆಯನ್ನು ಮಂಗಳೂರಿನಲ್ಲಿ ಹೆಮ್ಮೆಯಿಂದಲೇ ಹೇಳುತ್ತಾರೆ, ಕೊಂಕಣ ರೈಲಿನ ಕತೆಯ ಜೊತೆಗೆ ಸೇರಿಸಿ. ಹೇಳುವಾಗ ಒಂದು ವಿವರ ತಾನಾಗಿ ಬಿಟ್ಟುಹೋಗುತ್ತದೆ: ಅದೇ ಚುನಾವಣೆಯಲ್ಲಿ ಮಂಗಳೂರು ಆರಿಸಿದ್ದು ಕಾಂಗ್ರೆಸ್ಸನ್ನು. ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯ ನನ್ನ ಕಣ್ಣು ಆ ಕಾಗದದ ಮೇಲಿದೆ. ಜೈಲಿನಲ್ಲಿದ್ದವನ ಹೆಸರನ್ನು, ಅವನನ್ನು ಜೈಲಿಗೆ ಹಾಕಿದ ಸರ್ಕಾರವೇ ಅಚ್ಚು ಹಾಕಿಸಿ ಹಂಚಿತು. ಆಳುವ ಪಕ್ಷದ ಅಭ್ಯರ್ಥಿಗೆ ಎಷ್ಟು ಜಾಗವೋ ಕೈದಿಗೂ ಅಷ್ಟೇ ಜಾಗ, ಅಷ್ಟೇ ದಪ್ಪ ಅಕ್ಷರ. ಇಪ್ಪತ್ತೊಂದು ತಿಂಗಳ ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಮುಚ್ಚಿತ್ತು, ಬಂಧನ ಪ್ರಶ್ನಿಸುವ ಹಕ್ಕು ಮುಚ್ಚಿತ್ತು. ಆ ಕಾಗದದ ಗೆರೆಗಳು ಮಾತ್ರ ಅಲುಗಾಡದೆ ಉಳಿದಿದ್ದವು.

ಇದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ಆ ಗೆರೆಗಳು ಅಲುಗಾಡಿದ ಒಂದು ದೇಶದ ಮತಪತ್ರಗಳನ್ನು ನೋಡಬೇಕು. 1928ರಿಂದ 1938ರವರೆಗಿನ ಜರ್ಮನಿಯ ಮತಪತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರೆ ಸಾಕು. ಒಂದು ದೇಶದ ಕೊರಳು ಹೇಗೆ ಬಿಗಿಯಿತು ಎಂಬುದಕ್ಕೆ ಬೇರೆ ಇತಿಹಾಸ ಪುಸ್ತಕ ಬೇಡ.

ಹತ್ತು, ಒಂಬತ್ತು, ಎರಡು, ಒಂದು

ಜರ್ಮನಿಯಲ್ಲಿ ಆಗ ಮತ ಹಾಕುತ್ತಿದ್ದದ್ದು ವ್ಯಕ್ತಿಗಲ್ಲ, ಪಕ್ಷದ ಪಟ್ಟಿಗೆ. ಮೊದಲು ಪಕ್ಷಗಳೇ ತಮ್ಮ ತಮ್ಮ ಚೀಟಿ ಮುದ್ರಿಸಿ ಮತದಾರರ ಕೈಗೆ ತುರುಕುತ್ತಿದ್ದವು. 1924ರಿಂದ ಸರ್ಕಾರವೇ ಎಲ್ಲ ಪಕ್ಷಗಳನ್ನೂ ಒಂದೇ ಹಾಳೆಯಲ್ಲಿ ಮುದ್ರಿಸತೊಡಗಿತು. ಪ್ರತಿ ಸಾಲಿನಲ್ಲಿ ಪಕ್ಷದ ಹೆಸರು, ಅದರ ನಾಲ್ಕಾರು ಪ್ರಮುಖರ ಹೆಸರು, ಒಂದು ಕ್ರಮಸಂಖ್ಯೆ, ತುದಿಯಲ್ಲಿ ಒಂದು ವೃತ್ತ. ವೃತ್ತದೊಳಗೆ ಅಡ್ಡಗೆರೆ ಎಳೆದರೆ ಮತ ಬಿತ್ತು. ಪಕ್ಷಗಳು ಹೆಚ್ಚಾದಂತೆ ಹಾಳೆ ಉದ್ದವಾಗುತ್ತಿತ್ತು. ಬಾಡಿಗೆದಾರರ ಪಕ್ಷ, ರೈತರ ಪಕ್ಷ, ವ್ಯಾಪಾರಿಗಳ ಪಕ್ಷ ಎಂದು ಸೊಂಟದವರೆಗೆ ಇಳಿಬೀಳುವ ಆ ಹಾಳೆಯನ್ನು ಜನ ಗೇಲಿ ಮಾಡುತ್ತಿದ್ದರು. ಇಷ್ಟೊಂದು ಸಾಲು ಯಾಕೆ, ಒಬ್ಬ ಗಟ್ಟಿ ಮನುಷ್ಯ ಸಾಲದೇ ಎಂಬ ಮಾತು ಆ ಗೇಲಿಯ ಹಿಂದೆಯೇ ಇತ್ತು.

ಸಾಲಿನ ಸಂಖ್ಯೆ ಹಿಂದಿನ ಸಂಸತ್ತಿನಲ್ಲಿ ಪಕ್ಷಕ್ಕಿದ್ದ ಬಲದ ಮೇಲೆ ನಿಂತಿತ್ತು. 1928ರಲ್ಲಿ ನಾಜಿ ಪಕ್ಷದ ಸಂಖ್ಯೆ 10. ಸಿಕ್ಕಿದ್ದು ಶೇ 2.6 ಮತ, 12 ಸ್ಥಾನ. 1930ರ ಸೆಪ್ಟೆಂಬರಿನಲ್ಲಿ ಸಂಖ್ಯೆ 9. ಅಷ್ಟರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಜರ್ಮನಿಯ ಕಾರ್ಖಾನೆಗಳು ಮುಚ್ಚತೊಡಗಿದ್ದವು. ಪಕ್ಷ ಒಮ್ಮೆಗೇ 107 ಸ್ಥಾನಕ್ಕೆ ಹಾರಿತು. ಹಾಗಾಗಿ 1932ರ ಜುಲೈ ಹಾಳೆಯಲ್ಲಿ ಅದು ಎರಡನೇ ಸಾಲು. ಆಗ ಶೇ 37.3 ಮತ, 230 ಸ್ಥಾನ. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಚುನಾವಣೆ. ಈಗ ಮೊದಲ ಸಾಲು.

ತಮಾಷೆಯೆಂದರೆ, ಮೊದಲ ಸಾಲಿಗೆ ಏರಿದ ಹಾಳೆಯಲ್ಲೇ ಮತ ಇಳಿಯಿತು. ಶೇ 33.1, ಸ್ಥಾನ 196. ಹಿಟ್ಲರನ ಗಾಳಿ ಕಡಿಮೆಯಾಗುತ್ತಿದೆ ಎಂದು ಬರೆದವರಿದ್ದರು. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ, 1933ರ ಜನವರಿ 30ರಂದು, ಅಧ್ಯಕ್ಷ ಹಿಂಡನ್‌ಬರ್ಗ್ ಅವನನ್ನು ಕರೆದು ಚಾನ್ಸಲರ್ ಕುರ್ಚಿಯಲ್ಲಿ ಕೂರಿಸಿದರು. ಹಿಟ್ಲರ್ ಮತದಿಂದಲೇ ಅಧಿಕಾರಕ್ಕೆ ಬಂದ ಎಂದು ನಮ್ಮ ಚರ್ಚೆಗಳಲ್ಲಿ ಸಲೀಸಾಗಿ ಹೇಳಿಬಿಡುತ್ತೇವೆ. ಮತ ಅವನನ್ನು ಬಾಗಿಲ ತನಕ ತಂದಿತು ನಿಜ. ಚಿಲಕ ತೆಗೆದವರು ಒಳಗಿದ್ದ ನಾಲ್ಕಾರು ದೊಡ್ಡ ಮನುಷ್ಯರು.

ಕಾಗದದ ದೃಷ್ಟಿಯಿಂದ ನನಗೆ ಬಹಳ ಮುಖ್ಯವೆನಿಸುವುದು ಮುಂದಿನ ಹಾಳೆ, 1933ರ ಮಾರ್ಚ್ 5ರದು. ಅದಕ್ಕೆ ಆರು ದಿನ ಮುಂಚೆ ರೈಖ್‌ಸ್ಟಾಗ್ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಮರುದಿನವೇ ಹೊರಟ ತುರ್ತು ಆದೇಶ ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಅಂಚೆಯ ಗುಟ್ಟು ಎಲ್ಲವನ್ನೂ ತೆಗೆದುಹಾಕಿತ್ತು. ಕಮ್ಯುನಿಸ್ಟ್ ನಾಯಕ ಎರ್ನ್ಸ್ಟ್ ಟೇಲ್ಮನ್ ಮತದಾನಕ್ಕೆ ಎರಡು ದಿನ ಇರುವಾಗ ಬಂಧನಕ್ಕೆ ಒಳಗಾದರು. ಹೀಗಿದ್ದೂ ಹಾಳೆಯಲ್ಲಿ ಮೂರನೇ ಸಾಲು ಕಮ್ಯುನಿಸ್ಟರದೇ. ಮುದ್ರಕರು ಹಳೆಯ ಅಭ್ಯಾಸದಂತೆ ಎಲ್ಲ ಸಾಲನ್ನೂ ಅಚ್ಚು ಹಾಕಿದ್ದರು. ಮತಪತ್ರ ಇನ್ನೂ ಸುಳ್ಳು ಹೇಳಲು ಕಲಿತಿರಲಿಲ್ಲ. ಬೀದಿಯಲ್ಲಿ ಕಂದು ಅಂಗಿಯ ಪಡೆ ನಿಂತಿರುವಾಗಲೂ ಆ ಮೂರನೇ ಸಾಲಿಗೆ 48 ಲಕ್ಷ ಮತ ಬಿತ್ತು, 81 ಸ್ಥಾನ ಬಂತು. ನಾಜಿಗಳಿಗೆ ಶೇ 43.9. ಅಷ್ಟೆಲ್ಲ ಹೆದರಿಸಿದ ಮೇಲೂ ಅರ್ಧ ದಾಟಲಿಲ್ಲ.

ಆ 81 ಮಂದಿಯಲ್ಲಿ ಒಬ್ಬರನ್ನೂ ಸದನಕ್ಕೆ ಬಿಡಲಿಲ್ಲ. ಟೇಲ್ಮನ್ ಹನ್ನೊಂದು ವರ್ಷ ಸೆರೆಯಲ್ಲಿದ್ದು 1944ರ ಆಗಸ್ಟಿನಲ್ಲಿ ಬೂಖೆನ್‌ವಾಲ್ಡ್ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. ಮುಜಫ್ಫರಪುರದ ಕೈದಿಗೂ ಇವರಿಗೂ ನಡುವೆ ಇರುವ ಅಂತರ, ಪೆಟ್ಟಿಗೆಯಿಂದ ಬಂದ ಕಾಗದವನ್ನು ಎಣಿಸಿದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿದೆ.

ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನೆಲ್ಲ ಸರ್ಕಾರಕ್ಕೆ ಬರೆದುಕೊಟ್ಟಿತು. ಪರ 444, ವಿರುದ್ಧ 94. ವಿರೋಧಿಸಿದವರು ಸೋಶಿಯಲ್ ಡೆಮಾಕ್ರಟರು ಮಾತ್ರ. ಇಲ್ಲಿ ಮಂಗಳೂರಿಗರಿಗೆ ಒಂದು ಅಡ್ಡಮಾತು. ಬಲ್ಮಠದಲ್ಲಿ ಕಲ್ಲಚ್ಚಿನಲ್ಲಿ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಪೇಟೆಯಲ್ಲಿ. ಅದೇ ಪೇಟೆಯಲ್ಲಿ 1884ರಲ್ಲಿ ಹುಟ್ಟಿದ ಥಿಯೋಡರ್ ಹೋಯ್ಸ್ ಆ ದಿನ ಸದನದಲ್ಲಿದ್ದರು. ಉದಾರವಾದಿ, ಪತ್ರಕರ್ತ, ಹಿಟ್ಲರನ ವಿರುದ್ಧ ಪುಸ್ತಕ ಬರೆದಿದ್ದವರು. ಅವರೂ ತಮ್ಮ ಪಕ್ಷದ ನಾಲ್ವರೊಂದಿಗೆ ಪರವಾಗಿಯೇ ಮತ ಹಾಕಿದರು. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯ ಮೊದಲ ಅಧ್ಯಕ್ಷರಾದದ್ದೂ ಅವರೇ. ಕೈ ಎತ್ತಿದ ಆ ಒಂದು ಗಳಿಗೆ ಅವರ ಬೆನ್ನು ಬಿಡಲಿಲ್ಲ.

1933ರ ಜುಲೈ 14ರ ಹೊತ್ತಿಗೆ ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. ನವೆಂಬರ್ 12ರಂದು ಮತ್ತೆ ಚುನಾವಣೆ ಬಂತು. ಈ ಸಲದ ಹಾಳೆ ಅಂಗೈಯಗಲ. ಒಂದೇ ಪಕ್ಷ, ಅದರ ಕೆಳಗೆ ಹತ್ತು ಹೆಸರು, ಒಂದೇ ವೃತ್ತ. ಬೇಡ ಎನ್ನುವವರಿಗೆ ಜಾಗವಿಲ್ಲ. ಹಾಳೆಯನ್ನು ಖಾಲಿ ಬಿಡಬಹುದು ಅಥವಾ ಗೀಚಿ ಕೆಡಿಸಬಹುದು, ಅಷ್ಟೇ. ಸುಮಾರು 34 ಲಕ್ಷ ಜನ ಹಾಗೆ ಕೆಡಿಸಿದರು. ಲೆಕ್ಕದ ಪುಸ್ತಕದಲ್ಲಿ ಅವು ‘ತಿರಸ್ಕೃತ’ ಮತ. ನನಗೇನೋ ಆ ದಿನದ ನಿಜವಾದ ಮತಗಳೆಂದರೆ ಅವೇ ಅನ್ನಿಸುತ್ತದೆ. ಡಕಾವ್ ಶಿಬಿರದ ಕೈದಿಗಳಿಂದಲೂ ಅಂದು ಮತ ಹಾಕಿಸಿದರು. 2,242 ಮಂದಿಯಲ್ಲಿ 2,154 ಮಂದಿ ಸರ್ಕಾರದ ಪರ ಎಂದು ಪ್ರಕಟವಾಯಿತು. ಆ ಹತ್ತು ಹೆಸರುಗಳಲ್ಲಿ ಹಿಟ್ಲರನ ಹಳೆಯ ಸಂಗಾತಿ ಎರ್ನ್ಸ್ಟ್ ರೋಮ್‌ನದೂ ಇತ್ತು. ದೇಶವಿಡೀ ಗುರುತು ಹಾಕಿದ ಆ ಹೆಸರಿನವನನ್ನು ಎಂಟು ತಿಂಗಳೊಳಗೆ ಹಿಟ್ಲರನೇ ಕೊಲ್ಲಿಸಿದ.

ಈ ಉಪಾಯ ಹಿಟ್ಲರನ ಸ್ವಂತದ್ದಲ್ಲ. ಇಟಲಿಯಲ್ಲಿ ಮುಸೊಲಿನಿ 1929ರ ಮಾರ್ಚ್ 24ರಂದೇ 400 ಹೆಸರಿನ ಒಂದೇ ಪಟ್ಟಿಯನ್ನು ಜನರ ಮುಂದಿಟ್ಟಿದ್ದ. ಅಲ್ಲಿ ಮತದಾರರಿಗೆ ಎರಡು ಕಾಗದ ಕೊಡುತ್ತಿದ್ದರು. ‘ಹೌದು’ ಕಾಗದಕ್ಕೆ ತ್ರಿವರ್ಣದ ಅಲಂಕಾರ, ‘ಇಲ್ಲ’ ಕಾಗದ ಬರೀ ಬಿಳಿ. ಒಂದನ್ನು ಪೆಟ್ಟಿಗೆಗೆ ಹಾಕಿ ಇನ್ನೊಂದನ್ನು ಅಲ್ಲೇ ಬಿಟ್ಟುಬರಬೇಕು. ಯಾರ ಕೈಯಲ್ಲಿ ಯಾವುದು ಉಳಿಯಿತು ಎಂದು ನೋಡಲು ಗೂಢಚಾರರು ಬೇಕಾಗಿರಲಿಲ್ಲ. ಶೇ 98 ದಾಟಿತು.

ದೊಡ್ಡ ಸೊನ್ನೆ, ಸಣ್ಣ ಸೊನ್ನೆ

1934ರ ಆಗಸ್ಟ್ 19ರ ಜನಮತ ಹಿಂಡನ್‌ಬರ್ಗ್ ತೀರಿಕೊಂಡ ಮೇಲೆ ಅಧ್ಯಕ್ಷ ಪದವಿಯನ್ನೂ ಹಿಟ್ಲರ್ ನುಂಗಿದ್ದಕ್ಕೆ ಒಪ್ಪಿಗೆ ಪಡೆಯಲು. ಆಗ ‘ಇಲ್ಲ’ ಎನ್ನಲು ಜಾಗವಿತ್ತು, 40 ಲಕ್ಷಕ್ಕೂ ಹೆಚ್ಚು ಜನ ಅಲ್ಲಿ ಗೆರೆ ಎಳೆದರು. ಪಾಠ ಕಲಿತವರು ಜನರಲ್ಲ, ಸರ್ಕಾರ. 1936ರ ಮಾರ್ಚ್ 29ರ ಹಾಳೆಯಲ್ಲಿ ‘ಇಲ್ಲ’ ಎಂಬುದೇ ಇಲ್ಲ. ಮೇಲೆ ‘ಸ್ವಾತಂತ್ರ್ಯ ಮತ್ತು ಶಾಂತಿಗಾಗಿ ಸಂಸತ್ತು’ ಎಂಬ ತಲೆಬರಹ, ಕೆಳಗೆ ಅದೇ ಹೆಸರುಗಳು, ಒಂದು ವೃತ್ತ. ಯಹೂದಿಗಳ ಪೌರತ್ವವನ್ನು ಹಿಂದಿನ ವರ್ಷವೇ ಕಿತ್ತುಕೊಂಡಿದ್ದರಿಂದ ಅವರ ಕೈಗೆ ಆ ಹಾಳೆಯೂ ಬರಲಿಲ್ಲ.

ಕೊನೆಯದು ಎಲ್ಲಕ್ಕಿಂತ ಹೆಸರಾದದ್ದು, 1938ರ ಏಪ್ರಿಲ್ 10ರ ಮತಪತ್ರ. ಆಸ್ಟ್ರಿಯಾವನ್ನು ಸೇನೆ ನುಗ್ಗಿಸಿ ಸೇರಿಸಿಕೊಂಡು ನಾಲ್ಕು ವಾರ ಆಗಿತ್ತು. ಹಾಳೆಯ ನಡುಮಧ್ಯೆ ದೊಡ್ಡ ವೃತ್ತ, ಅದರ ಮೇಲೆ ‘ಹೌದು’. ಬಲಕ್ಕೆ ಸರಿದು ಸಣ್ಣ ವೃತ್ತ, ‘ಇಲ್ಲ’. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕಡೆ ನೀರುದೋಸೆ, ಇನ್ನೊಂದು ಕಡೆ ಗೋಳಿಬಜೆ. ಎಲ್ಲರೂ ನಗುವುದು ಈ ವೃತ್ತಗಳನ್ನು ನೋಡಿ. ಹೆಚ್ಚು ಜಾಣತನ ಇರುವುದು ಮೇಲಿನ ಪ್ರಶ್ನೆಯಲ್ಲಿ. ಆಸ್ಟ್ರಿಯಾ ಸೇರಿದ್ದನ್ನು ನೀನು ಒಪ್ಪುತ್ತೀಯಾ, ನಮ್ಮ ನಾಯಕ ಅಡಾಲ್ಫ್ ಹಿಟ್ಲರನ ಪಟ್ಟಿಗೆ ಮತ ಹಾಕುತ್ತೀಯಾ — ಎರಡು ಪ್ರಶ್ನೆಗೆ ಒಂದೇ ಉತ್ತರ. ಆಸ್ಟ್ರಿಯಾ ಬೇಕು, ಹಿಟ್ಲರ್ ಬೇಡ ಎನ್ನುವವನು ಎಲ್ಲಿ ಗೆರೆ ಎಳೆಯಬೇಕು? ಪ್ರಶ್ನೆಯಲ್ಲಿ ‘ನೀವು’ ಕೂಡ ಇರಲಿಲ್ಲ, ‘ನೀನು’ ಇತ್ತು. ಮನೆಯ ಹಿರಿಯ ಮಕ್ಕಳನ್ನು ಕೇಳುವ ಧಾಟಿ. ಆಸ್ಟ್ರಿಯಾದಲ್ಲಿ ಶೇ 99.7 ಬಂತು.

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಹಿಟ್ಲರ್ ನುಗ್ಗುವುದಕ್ಕೆ ಮುಂಚೆ, ಆಸ್ಟ್ರಿಯಾ ಸ್ವತಂತ್ರವಾಗಿ ಉಳಿಯಲಿ ಎಂದು ಅಲ್ಲಿನ ಚಾನ್ಸಲರ್ ಶುಷ್ನಿಗ್ ಮಾರ್ಚ್ 13ಕ್ಕೆ ತಾನೇ ಒಂದು ಜನಮತ ಗೊತ್ತುಮಾಡಿದ್ದ. ಅವನೂ ಸಂಸತ್ತು ಮುಚ್ಚಿಸಿ ಆಳುತ್ತಿದ್ದವರ ಸಾಲಿನವನೇ. ಅವನ ಯೋಜನೆಯಲ್ಲಿ ಸರ್ಕಾರ ಅಚ್ಚು ಹಾಕಿಸಿದ್ದು ‘ಹೌದು’ ಚೀಟಿ ಮಾತ್ರ. ‘ಇಲ್ಲ’ ಎನ್ನುವವರು ಅದೇ ಅಳತೆಯ ಕಾಗದವನ್ನು ಮನೆಯಿಂದ ಬರೆದು ತರಬೇಕಿತ್ತು! ಆ ಮತದಾನ ನಡೆಯಲೇ ಇಲ್ಲ. ನಡೆದಿದ್ದರೆ ಅದೂ ಈ ಮೇಜಿನ ಮೇಲೆಯೇ ಬರುತ್ತಿತ್ತು.

ಹಾಳೆಯ ವಿನ್ಯಾಸ ಹೀಗೆ. ಹಾಳೆಯ ಹಿಂಬದಿಯ ಕತೆ ಇನ್ನೊಂದು. ರೈನ್ ಸೀಮೆಯ ಕೋಖೆಮ್ ಎಂಬಲ್ಲಿಂದ ಗುಪ್ತ ಪೊಲೀಸರು 1938ರಲ್ಲಿ ಕಳಿಸಿದ ವರದಿಯೊಂದು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷಿಯಾಗಿ ಬಂತು. ಯಾರು ‘ಇಲ್ಲ’ ಎಂದರು, ಯಾರು ಕೆಡಿಸಿದರು ಎಂದು ಪತ್ತೆ ಮಾಡಲು ಅಲ್ಲಿನವರು ಮತಪತ್ರಗಳಿಗೆ ಗುಟ್ಟಾಗಿ ಸಂಖ್ಯೆ ಹಾಕಿದ್ದರು. ರಿಬ್ಬನ್ ತೆಗೆದ ಟೈಪ್‌ರೈಟರಿನಲ್ಲಿ ಕುಟ್ಟಿದರೆ ಬಣ್ಣವಿಲ್ಲದ ಅಚ್ಚು ಬೀಳುತ್ತದೆ. ಕೆಲವು ಕಡೆ ಕೆನೆ ತೆಗೆದ ಹಾಲಿನಲ್ಲಿ ಬರೆದಿದ್ದರು. ಮತದಾರ ಬಂದ ಕ್ರಮದಲ್ಲೇ ಹಾಳೆ ಕೊಟ್ಟು, ಪಟ್ಟಿಯಲ್ಲಿ ಸಂಖ್ಯೆ ಗುರುತಿಸಿ, ಎಣಿಕೆಯ ನಂತರ ತಾಳೆ ನೋಡಿದರೆ ಆಯಿತು. ಚಿಕ್ಕ ಮಕ್ಕಳು ನಿಂಬೆರಸದಲ್ಲಿ ಬರೆದು ದೀಪಕ್ಕೆ ಹಿಡಿದು ಓದುವ ಆಟವನ್ನು ಒಂದು ಸರ್ಕಾರ ಆಡಿತ್ತು.

ಜರ್ಮನಿಯ ಹೊರಗಿದ್ದವರಿಗೂ ಬಿಡುಗಡೆಯಿರಲಿಲ್ಲ. ಇಂಗ್ಲೆಂಡಿನಲ್ಲಿದ್ದ ಜರ್ಮನರನ್ನೂ ಆಸ್ಟ್ರಿಯನ್ನರನ್ನೂ ಟಿಲ್ಬರಿ ಬಂದರಿನಲ್ಲಿ ‘ವಿಲ್ಹೆಲ್ಮ್ ಗುಸ್ಟ್ಲಾಫ್’ ಹಡಗಿಗೆ ಹತ್ತಿಸಿ, ಬ್ರಿಟಿಷ್ ಕಡಲಗಡಿಯ ಆಚೆ ಒಯ್ದು ಮತ ಹಾಕಿಸಿದರು. ನಮ್ಮೂರಿನ ಮಿಷನ್ ಬಂಗಲೆಗಳಲ್ಲಿ ಜರ್ಮನ್ ಮಾತು ಇನ್ನೂ ಕೇಳುತ್ತಿದ್ದ ಕಾಲ ಅದು. ಮರುವರ್ಷ ಯುದ್ಧ ಬಂದಾಗ ಭಾರತದಲ್ಲಿದ್ದ ಜರ್ಮನ್ ಪ್ರಜೆಗಳನ್ನು ಬ್ರಿಟಿಷರು ಡೆಹ್ರಾಡೂನಿನಂಥ ಶಿಬಿರಗಳಲ್ಲಿ ಕೂಡಿಹಾಕಿದರು. ನೂರು ವರ್ಷ ಬಲ್ಮಠದಲ್ಲಿ ಅಚ್ಚುಮೊಳೆ ಜೋಡಿಸಿದ, 1894ರಲ್ಲಿ ಕಿಟ್ಟೆಲ್ ನಿಘಂಟನ್ನು ಹೊರತಂದ ಪರಂಪರೆಯ ಕೊನೆಯ ಎಳೆಗಳು ಹಾಗೆ ಕಡಿದವು.

ಎಡನೀರಿನ ದಾವೆ, ನಮೂನೆ 7

ನಮ್ಮ ಕಾಗದಕ್ಕೆ ಬರೋಣ. 1951-52ರ ಮೊದಲ ಮಹಾಚುನಾವಣೆಯಲ್ಲಿ ಮಂಗಳೂರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಲೋಕಸಭೆಗೆ ಗೆದ್ದವರು ಪತ್ರಕರ್ತ ಬಿ. ಶಿವರಾವ್, ಸಂವಿಧಾನ ರಚನಾ ಸಭೆಯಲ್ಲಿ ಕೂತು ಬಂದವರು. ಆಗಿನ ಮತಪತ್ರದಲ್ಲಿ ಯಾರ ಹೆಸರೂ ಇರಲಿಲ್ಲ. ಒಂದು ರೂಪಾಯಿ ನೋಟಿನಷ್ಟು ದೊಡ್ಡ ಕಾಗದ. ಪರದೆಯ ಹಿಂದೆ ಅಭ್ಯರ್ಥಿಗೊಂದರಂತೆ ಪೆಟ್ಟಿಗೆಗಳು, ಪೆಟ್ಟಿಗೆಯ ಮೇಲೆ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಗೆ ಹಾಕಿದರೆ ಕಾಂಗ್ರೆಸ್ಸಿಗೆ. ಓದು ಬಾರದ ದೇಶಕ್ಕೆ ಇದು ಸುಲಭ, ಆದರೆ ಪೆಟ್ಟಿಗೆಗೆ ಹಾಕದೆ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿ ಹೊರಗೆ ತಂದರೂ ಗೊತ್ತಾಗುತ್ತಿರಲಿಲ್ಲ. 1962ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಹೆಸರು, ಎಲ್ಲ ಚಿಹ್ನೆ ಒಂದೇ ಹಾಳೆಗೆ ಬಂದವು. ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಬೆರಳಿಗೆ ಹತ್ತಿದ್ದೂ ಆ ವರ್ಷವೇ.

ಹೆಸರುಗಳ ಕ್ರಮ ಅಕ್ಷರಮಾಲೆಯದು. ಮುಂದೆ ಮಾನ್ಯತೆ ಪಡೆದ ಪಕ್ಷ, ಪಕ್ಷೇತರ ಎಂದು ಗುಂಪು ಮಾಡಿದರು ನಿಜ. ಗುಂಪಿನೊಳಗೆ ಈಗಲೂ ಅಕಾರಾದಿಯೇ. ಹೋದ ಸಲ ಎಷ್ಟು ಸೀಟು ಬಂತು ಎಂದು ಅಕ್ಷರಮಾಲೆ ಯಾರನ್ನೂ ಕೇಳುವುದಿಲ್ಲ. ಪ್ರಧಾನಿಯ ಹೆಸರು ‘ವ’ದಿಂದ ಶುರುವಾದರೆ ಕೆಳಗೇ ಇರಬೇಕು.

ಗುರುತು ಹಾಕುವ ರಬ್ಬರ್ ಮೊಹರಿನದು ಇನ್ನೂ ಸ್ವಾರಸ್ಯ. ನಾಲ್ಕು ಕೈ ಬಾಗಿದ, ತುದಿಗೆ ಬಾಣ ಇರುವ ಅಡ್ಡಗುರುತು ಅದು. ನೋಡಿದವರಿಗೆ ಥಟ್ಟನೆ ಸ್ವಸ್ತಿಕ ನೆನಪಾಗುತ್ತದೆ. ಹಾಳೆ ಮಡಚಿದಾಗ ಹಸಿ ಶಾಯಿ ಎದುರು ಭಾಗಕ್ಕೂ ಹತ್ತುತ್ತದಲ್ಲ? ಬರೀ ಕೂಡಿಸುವ ಚಿಹ್ನೆಯಾಗಿದ್ದರೆ ಎರಡು ಕಡೆ ಗುರುತು ಬಿದ್ದಂತಾಗಿ ಮತ ಕುಲಗೆಡುತ್ತದೆ. ಬಾಗಿದ ಕೈಗಳಿದ್ದರೆ ಹತ್ತಿಕೊಂಡ ಗುರುತು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಯಾವುದು ಒತ್ತಿದ್ದು, ಯಾವುದು ಹತ್ತಿದ್ದು ಎಂದು ಎಣಿಸುವವರಿಗೆ ತಿಳಿಯುತ್ತದೆ. ಜರ್ಮನಿಯಲ್ಲಿ ಮತಪತ್ರವನ್ನೇ ತಿಂದುಹಾಕಿದ ಆಕೃತಿ ಇಲ್ಲಿ ಒಬ್ಬ ಮುದುಕಿಯ ಮತ ಹಾಳಾಗದಿರಲಿ ಎಂದು ದುಡಿಯುತ್ತಿತ್ತು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಇಂದಿರಾ ಗಾಂಧಿ ಒಂದೇ ಸಾಲಿನ ಮತಪತ್ರ ಅಚ್ಚು ಹಾಕಿಸಲಿಲ್ಲ. ಬದಲಿಗೆ ಕಾಗದವನ್ನೇ ಮುಂದೂಡಿದರು. 1976ರಲ್ಲಿ ನಡೆಯಬೇಕಿದ್ದ ಲೋಕಸಭಾ ಚುನಾವಣೆ ನಡೆಯಲಿಲ್ಲ, ಸದನ ತನ್ನ ಅವಧಿಯನ್ನು ತಾನೇ ಹಿಗ್ಗಿಸಿಕೊಂಡಿತು. ಅದಕ್ಕೂ ಮುಂಚೆ, 1975ರ ಆಗಸ್ಟಿನ 39ನೇ ತಿದ್ದುಪಡಿ ಪ್ರಧಾನಿಯ ಆಯ್ಕೆಯನ್ನು ಯಾವ ಕೋರ್ಟೂ ಪ್ರಶ್ನಿಸದಂತೆ ಮಾಡಿತ್ತು. ಅಲಹಾಬಾದ್ ಹೈಕೋರ್ಟು ಅವರ ರಾಯ್‌ಬರೇಲಿ ಗೆಲುವನ್ನು ರದ್ದು ಮಾಡಿದ್ದರಿಂದ ಹುಟ್ಟಿದ ತಿದ್ದುಪಡಿ ಅದು.

ಆ ತಿದ್ದುಪಡಿಯ ಮುಖ್ಯ ಭಾಗವನ್ನು ಸುಪ್ರೀಂ ಕೋರ್ಟು 1975ರ ನವೆಂಬರ್ 7ರಂದು ಹೊಡೆದುಹಾಕಿತು. ಅವರ ಗೆಲುವನ್ನು ಕೋರ್ಟು ಎತ್ತಿಹಿಡಿದದ್ದು ಬೇರೆ ಮಾತು. ಹೊಡೆಯಲು ಬಳಸಿದ ಆಯುಧ ಮಾತ್ರ ನಮ್ಮ ನೆರೆಯದು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಹೂಡಿದ ದಾವೆಯಲ್ಲಿ, 1973ರ ಏಪ್ರಿಲ್ 24ರಂದು, ಸಂಸತ್ತು ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು ಏಳು-ಆರರ ಬಹುಮತದಲ್ಲಿ ತೀರ್ಪಾಗಿತ್ತು. ಆ ಏಳು ಮಂದಿಯಲ್ಲಿ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ತೀರ್ಪಿನ ಬೆನ್ನಿಗೇ ಅವರನ್ನೂ ಸೇರಿಸಿ ಮೂವರು ಹಿರಿಯರನ್ನು ದಾಟಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆ ರಾಜೀನಾಮೆ ಬಿಸಾಕಿ ಬಂದರು. ಎರಡು ವರ್ಷದ ನಂತರ, ಮುಕ್ತ ಹಾಗೂ ನ್ಯಾಯಸಮ್ಮತ ಚುನಾವಣೆಯೂ ಆ ಮೂಲ ರಚನೆಯ ಭಾಗ ಎಂಬ ಮಾತು ನವೆಂಬರಿನ ತೀರ್ಪಿನಲ್ಲಿ ಬಂತು. ಮಠದ ಜಮೀನಿನ ದಾವೆ ದೇಶದ ಮತಪತ್ರಕ್ಕೆ ಕಾವಲಾಗುತ್ತದೆಂದು ಸ್ವಾಮೀಜಿಯೂ ಎಣಿಸಿರಲಾರರು.

1977ರ ಜನವರಿ 18ರಂದು ಚುನಾವಣೆ ಘೋಷಣೆಯಾಯಿತು, ಮಾರ್ಚ್ 16ರಿಂದ 20ರವರೆಗೆ ಮತದಾನ. ಹಾಳೆಯ ಮೇಲೆ ಎಲ್ಲ ಸಾಲೂ ಇದ್ದವು. ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು. ಸ್ವತಃ ಪ್ರಧಾನಿ ಸೋತರು. ಕರ್ನಾಟಕ 28ರಲ್ಲಿ 26 ಸೀಟನ್ನು ಅದೇ ಕಾಂಗ್ರೆಸ್ಸಿಗೆ ಕೊಟ್ಟಿತು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಕೌಡೂರಿನ ಅದೇ ಹೆಗ್ಡೆ. ಆಮೇಲೆ ಲೋಕಸಭೆಯ ಸ್ಪೀಕರ್. ಮಂಗಳೂರಿನಲ್ಲಿ ಹಸು-ಕರುವಿನ, ತುಳುವಿನ ಮಾತಿನಲ್ಲಿ ಪೆತ್ತ-ಕಂಜಿಯ ಗುರುತಿನಲ್ಲಿ ಗೆದ್ದವರು ವಕೀಲ ಜನಾರ್ದನ ಪೂಜಾರಿ. ಪಕ್ಕದ ಉಡುಪಿಯಲ್ಲಿ ಟಿ.ಎ. ಪೈ, ಅವರೂ ಕಾಂಗ್ರೆಸ್ಸೇ.

ಸರ್ವಾಧಿಕಾರಕ್ಕೆ ಕರಾವಳಿ ಹೆಬ್ಬೆಟ್ಟು ಒತ್ತಿತೇ ಎಂದು ಕೇಳಿದವರಿದ್ದಾರೆ. ಇಲ್ಲಿ ಇನ್ನೊಂದು ಕಾಗದದ ಕತೆ ಹೇಳಬೇಕು: ನಮೂನೆ 7. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಕೊಟ್ಟು ಉಳುತ್ತಿದ್ದವನು ಈ ನಮೂನೆ ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರೆ ಜಮೀನು ಅವನದಾಗುತ್ತಿತ್ತು. ದಕ್ಷಿಣ ಕನ್ನಡದಷ್ಟು ಗೇಣಿದಾರರಿದ್ದ ಜಿಲ್ಲೆ ರಾಜ್ಯದಲ್ಲಿ ಅಪರೂಪ. ಇಂದಿಗೂ ಇಲ್ಲಿ ಅಡಿಕೆ ತೋಟದ ಮೂಲ ಕೇಳಿದರೆ ‘ಡಿಕ್ಲರೇಶನ್ ಆದ ಜಾಗ’ ಎಂಬ ಉತ್ತರ ಬರುತ್ತದೆ. ಸಂಜೆ ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ಕುಟುಂಬ ಮೂರು ವರ್ಷದೊಳಗೆ ತನ್ನ ಹೆಸರಿನ ಕಾಗದ ಹಿಡಿದು ಮತಗಟ್ಟೆಗೆ ಬಂದಾಗ ಪೆತ್ತ-ಕಂಜಿಗೆ ಮೊಹರು ಒತ್ತದೆ ಬೇರೆಲ್ಲಿ ಒತ್ತೀತು? ದಿಲ್ಲಿಯ ಜೈಲುಗಳು ಅವರಿಗೆ ದೂರ. ಭೂಸುಧಾರಣೆಯ ವಿರುದ್ಧ ಎಡನೀರಿನಿಂದ ಹೊರಟ ದಾವೆ ಚುನಾವಣೆಯನ್ನು ಕಾಯಿತು. ಅದೇ ಭೂಸುಧಾರಣೆ ಆ ಚುನಾವಣೆಯಲ್ಲಿ ಮಂಗಳೂರಿನ ಮತವನ್ನು ತೀರ್ಮಾನಿಸಿತು. ಗಡಿಯ ಆ ಕಡೆ, ಈ ಕಡೆ.

ನನಗೆ ಆ ಫಲಿತಾಂಶದಲ್ಲಿ ನಾಚಿಕೆಪಡುವಂಥದ್ದೇನೂ ಕಾಣುವುದಿಲ್ಲ. ಮುಜಫ್ಫರಪುರ ಒಂದು ಹೇಳಿತು, ಮಂಗಳೂರು ತದ್ವಿರುದ್ಧ ಹೇಳಿತು. ಎರಡನ್ನೂ ಹಾಗೆ ಹಾಗೇ ಎಣಿಸಿದರು. 1938ರ ಏಪ್ರಿಲ್ 10ರ ಸಂಜೆ ವಿಯೆನ್ನಾದಿಂದ ಹ್ಯಾಂಬರ್ಗಿನವರೆಗೆ ಎಲ್ಲ ಊರೂ ಒಂದೇ ಮಾತು ಹೇಳಿತ್ತು.

ಹಿಂಬದಿಯ ಸಂಖ್ಯೆ

ಕೋಖೆಮಿನ ಕೆನೆ ತೆಗೆದ ಹಾಲಿನ ಸಂಖ್ಯೆ ಓದಿ ನಕ್ಕವರು ನಮ್ಮ ಬ್ಯಾಲೆಟ್ ಪೇಪರನ್ನು ತಿರುಗಿಸಿ ನೋಡಬೇಕು. ಅಲ್ಲೂ ಕ್ರಮಸಂಖ್ಯೆ ಇದೆ, ಗುಟ್ಟಾಗಿ ಅಲ್ಲ, ರಾಜಾರೋಷವಾಗಿ. ಅದೇ ಸಂಖ್ಯೆ ಪುಸ್ತಕದಲ್ಲಿ ಉಳಿಯುವ ಅರ್ಧಪ್ರತಿಯ ಮೇಲೂ ಇರುತ್ತದೆ. ಅರ್ಧಪ್ರತಿಯಲ್ಲಿ ಮತದಾರರ ಪಟ್ಟಿಯ ಸಂಖ್ಯೆ ಬರೆದು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ. ಎರಡನ್ನೂ ಎದುರುಬದುರು ಇಟ್ಟರೆ ಯಾರ ಮತ ಯಾರಿಗೆ ಎಂದು ತಿಳಿದುಹೋಗುತ್ತದೆ! ನಕಲಿ ಕಾಗದ ತಡೆಯಲು ಸಂಖ್ಯೆ ಬೇಕೇ ಬೇಕು. ಹಾಗಾಗಿ ಕಾಗದದ ಮಟ್ಟಿಗೆ ನಾವು ಕೋಖೆಮಿನವರಿಗಿಂತ ಹೆಚ್ಚು ಮುಗ್ಧರೇನಲ್ಲ. ವ್ಯತ್ಯಾಸ ಇರುವುದು ಅರಗಿನಲ್ಲಿ. ಎಣಿಕೆ ಮುಗಿದ ಮೇಲೆ ಮತಪತ್ರಗಳು ಒಂದು ಪೊಟ್ಟಣ, ಅರ್ಧಪ್ರತಿಗಳು ಇನ್ನೊಂದು ಪೊಟ್ಟಣ, ಎರಡಕ್ಕೂ ಅರಗು ಮುದ್ರೆ. ನ್ಯಾಯಾಲಯದ ಆದೇಶವಿಲ್ಲದೆ ಜಿಲ್ಲಾಧಿಕಾರಿಯೂ ಬಿಚ್ಚುವಂತಿಲ್ಲ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಸಾಕ್ಷಿಕಟ್ಟೆಯಲ್ಲೂ ಒತ್ತಾಯ ಮಾಡುವಂತಿಲ್ಲ.

ಲೋಕಸಭೆ, ವಿಧಾನಸಭೆಗಳಿಗೆ ಈಗ ಯಂತ್ರ ಬಂದಿದೆ. ಮೊಹರು, ಮಡಿಕೆ, ಅರ್ಧಪ್ರತಿ ಎಲ್ಲ ಹಳ್ಳಿಗೆ ಸರಿದಿವೆ. 2020ರ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ನಮ್ಮ ಜಿಲ್ಲೆಯವರು ಒತ್ತಿದ್ದು ಕಾಗದದ ಮೇಲೆಯೇ. 2013ರಿಂದ ಯಂತ್ರದ ಕೊನೆಗೆ ‘ಮೇಲಿನ ಯಾರೂ ಅಲ್ಲ’ ಎಂಬ ಸಾಲು ಸೇರಿದೆ. ಅದರಿಂದ ಯಾರೂ ಸೋಲುವುದಿಲ್ಲ, ಹಾಗಾಗಿ ಅದನ್ನು ಹಲ್ಲಿಲ್ಲದ ಹಾವು ಎನ್ನುವವರಿದ್ದಾರೆ. 1933ರ ನವೆಂಬರಿನಲ್ಲಿ ಹಾಳೆ ಗೀಚಿ ಬಂದ 34 ಲಕ್ಷ ಮಂದಿಗೆ ಅಂಥದೊಂದು ಸಾಲು ಸಿಕ್ಕಿದ್ದರೆ ಬೇಡ ಎನ್ನುತ್ತಿರಲಿಲ್ಲ.

ಜರ್ಮನಿಯ ದೊಡ್ಡ ಸೊನ್ನೆ, ಸಣ್ಣ ಸೊನ್ನೆಯ ಹಾಳೆ ಇವತ್ತೂ ಸಿಗುತ್ತದೆ. ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಇದೆ, ಶಾಲಾಪುಸ್ತಕಗಳಲ್ಲಿ ಇದೆ, ಹಳೆ ವಸ್ತು ಕೂಡಿಡುವವರ ಕಪಾಟಿನಲ್ಲಿ ಇದೆ. ಜಾರ್ಜ್ ಫರ್ನಾಂಡಿಸರ ಹೆಸರಿಗೆ ಮುಜಫ್ಫರಪುರದ ಜನ ಮೊಹರು ಒತ್ತಿದ ಲಕ್ಷಾಂತರ ಹಾಳೆಗಳನ್ನೂ, ಮಂಗಳೂರಿನಲ್ಲಿ ಪೆತ್ತ-ಕಂಜಿಗೆ ಒತ್ತಿದ ಹಾಳೆಗಳನ್ನೂ ಹೀಗೆ ಗಾಜಿನ ಹಿಂದೆ ನೋಡಲಾಗದು. ಮುದ್ರೆ ಹಾಕಿದ ಪೊಟ್ಟಣಗಳನ್ನು ಒಂದು ವರ್ಷ ಇಟ್ಟು, ತಕರಾರಿನ ದಾವೆ ಇಲ್ಲದಿದ್ದರೆ, ಬಿಚ್ಚದೆ ನಾಶ ಮಾಡಬೇಕೆಂಬುದು ನಮ್ಮ ಚುನಾವಣಾ ನಿಯಮ.